ಕಲ್ಲು ಚೆನ್ನಾಗಿದೆಯಲ್ಲ, ನೀರು ಯಾಕೆ?

"ಕೆತ್ತನೆ ಚೆನ್ನಾಗೇ ಇದೆಯಲ್ಲ, ಅದರ ಮೇಲೆ ನೀರು ಬೇರೆ ಯಾಕೆ ಬಿಡ್ತೀರಿ?" ಕಲ್ಲಿನಲ್ಲಿ ಕಾರಂಜಿ ಮಾಡುವ ನನಗೆ ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಚೆಂದಕ್ಕೆ ಸೇರಿಸುವುದೇ ನೀರು ಅಂತ ಕೇಳುವವರು ಅಂದುಕೊಂಡಿರುತ್ತಾರೆ. ಆದರೆ ನನ್ನ ಕೆಲಸ ಶುರುವಾಗುವುದೇ ನೀರಿನಿಂದ. ನೀರು ಎಲ್ಲಿ ಏಳುತ್ತದೆ, ಯಾವ ಕಡೆ ಬೀಳುತ್ತದೆ ಅಂತ ಗೊತ್ತಾಗುವ ತನಕ ನಾನು ಉಳಿ ಮುಟ್ಟುವುದಿಲ್ಲ.

ತೊಟ್ಟಿಯ ಅಂಚನ್ನೇ ತಗೊಳ್ಳಿ. ದುಂಡನೆಯ ತೊಟ್ಟಿ ತುಂಬಿ ಸುತ್ತಲೂ ತೆಳು ಪರದೆಯ ಹಾಗೆ ನೀರು ಇಳಿಯಬೇಕಾದರೆ ಅಂಚು ಎಲ್ಲ ಕಡೆ ಒಂದೇ ಮಟ್ಟದಲ್ಲಿರಬೇಕು. ಒಂದೆರಡು ಮಿಲಿಮೀಟರ್ ವಾಲಿದರೂ ಸಾಕು, ನೀರೆಲ್ಲ ತಗ್ಗಿನ ಕಡೆ ಸುರಿದು ಎದುರು ಬದಿ ಒಣಗಿ ನಿಲ್ಲುತ್ತದೆ. ರಸಮಟ್ಟ ಇಟ್ಟು ಸರಿಯಾಗಿದೆ ಅಂದುಕೊಂಡಿದ್ದನ್ನು ನೀರು ಬಿಟ್ಟು ನೋಡಿದ ಮೇಲೆ ಮತ್ತೆ ಉಜ್ಜಿದ್ದು ಎಷ್ಟು ಸಲವೋ. ಇನ್ನು ಅಂಚಿನ ತುದಿ ಚೂಪಾಗಿರದೆ ನುಣ್ಣಗೆ ಬಾಗಿದ್ದರೆ ನೀರು ಕಲ್ಲು ಬಿಟ್ಟು ಬೀಳುವುದೇ ಇಲ್ಲ. ಲೋಟವನ್ನು ನಿಧಾನಕ್ಕೆ ಬಗ್ಗಿಸಿದಾಗ ನೀರು ಹೊರಮೈಗೆ ಅಂಟಿಕೊಂಡು ಇಳಿಯುತ್ತದಲ್ಲ, ಹಾಗೆ ತಳದ ಕಡೆಗೆ ಹರಿದು ಹೋಗುತ್ತದೆ. ಅದಕ್ಕೇ ಅಂಚಿನ ಅಡಿಯಲ್ಲಿ ಒಂದು ಸಣ್ಣ ತೋಡು ಕೊರೆಯುತ್ತೇವೆ. ನೀರು ಅಲ್ಲಿಗೆ ಬಂದು ಹಿಡಿತ ಬಿಟ್ಟು ಕೆಳಗೆ ಬೀಳುತ್ತದೆ.

ಕೆಲವು ಕಡೆ ಆ ಅಂಟಿಕೊಳ್ಳುವ ಗುಣವೇ ಬೇಕಾಗುತ್ತದೆ. ಅಮೆರಿಕದ ಮಾಂಟ್ಗೊಮರಿಯಲ್ಲಿ 1989ರಲ್ಲಿ ಮಾಯಾ ಲಿನ್ ಮಾಡಿದ ಸ್ಮಾರಕ ಹಾಗಿದೆ. ದುಂಡನೆಯ ಕಪ್ಪು ಗ್ರಾನೈಟ್ ಮೇಜು. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಸತ್ತವರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ನಡುವಿನಿಂದ ಉಕ್ಕುವ ನೀರು ಹೆಸರುಗಳ ಮೇಲೆ ತೆಳುವಾಗಿ ಹರಿಯುತ್ತದೆ. ಒಂದು ಹೆಸರಿನ ಮೇಲೆ ಬೆರಳಿಟ್ಟರೆ ನೀರು ಅಲ್ಲಿ ಎರಡಾಗಿ ಸೀಳುತ್ತದೆ, ಬೆರಳು ತೆಗೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬರೀ ಕಲ್ಲಾಗಿದ್ದರೆ ಜನ ಹೆಸರು ಓದಿ ಮುಂದೆ ಹೋಗುತ್ತಿದ್ದರು. ನೀರು ಇರುವುದಕ್ಕೆ ಕೈ ತಾನಾಗಿ ಮುಂದೆ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ರೋಮ್‌ನ ಒಂದು ಚೌಕದಲ್ಲಿರುವ ಬರ್ಕಾಚ್ಚಾ ಕಾರಂಜಿ. ಟ್ರೆವಿ ಕಾರಂಜಿಗೆ ನೀರು ಕೊಡುವ, ಕ್ರಿಸ್ತಪೂರ್ವ 19ರಲ್ಲಿ ಕಟ್ಟಿದ ಅದೇ ಕಾಲುವೆಯ ನೀರು ಇದಕ್ಕೂ. ಆದರೆ ಈ ಚೌಕದಲ್ಲಿ ನೀರಿಗೆ ಒತ್ತಡ ಬಹಳ ಕಡಿಮೆ. ಆಗ ಪಂಪು ಇಲ್ಲ, ನೀರನ್ನು ಎತ್ತರಕ್ಕೆ ಹಾರಿಸುವ ಮಾತೇ ಇಲ್ಲ. 1620ರ ದಶಕದ ಕೊನೆಯಲ್ಲಿ ಶಿಲ್ಪಿ ಪಿಯೆತ್ರೊ ಬರ್ನಿನಿ ಏನು ಮಾಡಿದ ಗೊತ್ತಾ? ತೊಟ್ಟಿಯನ್ನು ನೆಲಮಟ್ಟಕ್ಕಿಂತ ಕೆಳಗಿಳಿಸಿ, ಅರ್ಧ ಮುಳುಗಿದ ದೋಣಿಯನ್ನು ಅದರೊಳಗೆ ಇಟ್ಟ. ಮುಳುಗುವ ದೋಣಿಯಿಂದ ನೀರು ಸುಮ್ನೆ ಸೋರಿದರೆ ಸಾಕಲ್ವಾ? ಬೇರೆಯವರು ಕೊರತೆ ಅಂದುಕೊಳ್ಳುವುದರಿಂದಲೇ ಶಿಲ್ಪದ ರೂಪ ಹುಟ್ಟಿತು.

ನೀರು ದಂಡ ಅಲ್ವಾ ಅಂತಲೂ ಕೇಳುತ್ತಾರೆ. ಕೇಳಬೇಕಾದ ಮಾತೇ. ಈಗ ಹೆಚ್ಚಿನ ಕಾರಂಜಿಗಳಲ್ಲಿ ಅದೇ ನೀರು ಪಂಪಿನಿಂದ ಸುತ್ತುತ್ತಿರುತ್ತದೆ. ಕಳೆದುಹೋಗುವುದು ಜಾಸ್ತಿ ಆವಿಯಾಗಿ, ಇಲ್ಲವೇ ಗಾಳಿಗೆ ಹಾರಿ. ಚಿಮ್ಮುವ ಎತ್ತರಕ್ಕೆ ತಕ್ಕಷ್ಟು ಅಗಲದ ತೊಟ್ಟಿ ಇದ್ದು, ಗಾಳಿ ಜೋರಾದಾಗ ಚಿಮ್ಮುವುದನ್ನು ತಾನೇ ತಗ್ಗಿಸುವ ಸಾಧನ ಇದ್ದರೆ ಅದೂ ಕಡಿಮೆಯಾಗುತ್ತದೆ. ಪಾಚಿ ಮತ್ತು ಗಡಸು ನೀರಿನ ಬಿಳಿ ಕಲೆ ಮಾತ್ರ ಉಜ್ಜುತ್ತಲೇ ಇರಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಮುಂದೆ ಯಾವುದಾದರೂ ಹಳೆಯ ಕಾರಂಜಿಯ ಹತ್ತಿರ ನಿಂತಾಗ ತೊಟ್ಟಿಯ ಅಂಚಿನ ಅಡಿಗೆ ಬೆರಳು ಹಾಕಿ ನೋಡಿ. ಆ ತೋಡು ಸಿಗಬಹುದು. ಸಿಕ್ಕರೆ ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಡಿ, ಮೇಲಿನ ಪರದೆ ಹೇಗೆ ಅಲ್ಲಿ ಮಾತ್ರ ಕದಡಿ ನಿಮ್ಮ ಮುಂಗೈ ಮೇಲೆ ಇಳಿದು ಬರುತ್ತದೆ ಅಂತ ಗೊತ್ತಾಗುತ್ತದೆ.