ಅಜ್ಜನ ಹಸಿರು ಗೂಡು

ಬೋರ್ನಿಯೋ ದ್ವೀಪಕ್ಕೆ ಹೋದವರಲ್ಲಿ ಹಲವರು ಕೂಚಿಂಗ್ ನಗರದ ಹತ್ತಿರದ ಸೆಮೆಂಗೊದಲ್ಲಿ ಒರಾಂಗುಟಾನ್ ವಾನರಗಳನ್ನು ನೋಡುತ್ತಾರೆ. ಅಲ್ಲಿ ಹೊತ್ತಿಗೆ ಸರಿಯಾಗಿ ಹಣ್ಣು ಇಡುತ್ತಾರೆ, ಅವು ಬರುತ್ತವೆ. ನಾನೂ ನೋಡಿದೆ, ಖುಷಿಯಾಯಿತು. ಆದರೆ ಯಾರೂ ಹಣ್ಣು ಇಡದ ಕಾಡಿಗೂ ಹೋಗಬೇಕು ಅನ್ನಿಸಿತ್ತು. ಮರುದಿನ ಬೆಳಗಿನ ಜಾವವೇ ಬತಾಂಗ್ ಆಯ್‌ಗೆ ಹೊರಟೆ.

ದಾರಿಯಲ್ಲಿ ಸ್ರಿ ಅಮಾನ್ ಪೇಟೆಯಲ್ಲಿ ಕಾಫಿಗೆ ನಿಂತೆವು. ಪಕ್ಕದಲ್ಲೇ ಬತಾಂಗ್ ಲುಪಾರ್ ನದಿ, ಕೆಸರು ಬಣ್ಣದ್ದು. ಡ್ರೈವರ್ ಬುಜಾಂಗ್ ಸೆನಾಂಗ್ ಕತೆ ಹೇಳಿದ. ಬೆನ್ನ ಮೇಲೆ ಬಿಳಿ ಪಟ್ಟೆಯಿದ್ದ ಮೊಸಳೆ. ವೈರಿಗಳು ನದಿಯಲ್ಲಿ ಕೊಂದ ಇಬಾನ್ ಎಂಬ ಇಲ್ಲಿಯ ಬುಡಕಟ್ಟಿನ ವೀರನೇ ಸೇಡಿಗಾಗಿ ಹಾಗೆ ಬಂದ ಅಂತ ಜನ ನಂಬಿದ್ದರು. 1992ರ ಮೇ ತಿಂಗಳಲ್ಲಿ ಅದನ್ನು ಕೊಂದಾಗ ಉದ್ದ 19 ಅಡಿಗೂ ಜಾಸ್ತಿ ಇತ್ತು.

ಅದೇ ನದಿಯ ಮೇಲಿನ ಕವಲು ಬತಾಂಗ್ ಆಯ್. ಅಲ್ಲಿಯ ಕತೆ ಬೇರೆ.

ಉದ್ದನೆಯ ಮರದ ದೋಣಿಯಲ್ಲಿ ಕಾಡಿಗೆ ಹೋದೆವು. ದೋಣಿ ನಡೆಸುತ್ತಿದ್ದ ಹಿರಿಯರನ್ನು ಎಲ್ಲರೂ 'ಅಕಿ' ಅನ್ನುತ್ತಿದ್ದರು. ಇಬಾನ್ ಮಾತಿನಲ್ಲಿ ಅಜ್ಜ ಅಂತ. ಒರಾಂಗುಟಾನ್‌ಗೆ ಅವರು 'ಮಾಯಾಸ್' ಅನ್ನುತ್ತಾರೆ. ಕಾಡುಹಂದಿ, ಜಿಂಕೆ ಎಲ್ಲ ಬೇಟೆಯಾಡುವ ಜನ. ಹಾಗಾದರೆ ಮಾಯಾಸ್? ಗೈಡ್ ಮೂಲಕ ಕೇಳಿದೆ.

"ಅಜ್ಜನಿಗೆ ಯಾರಾದರೂ ಹೊಡೀತಾರಾ?" ಅಂದರು ಅಕಿ.

ಸತ್ತ ಹಿರಿಯರು ಮಾಯಾಸ್ ಆಗಿ ಬರುತ್ತಾರೆ ಅನ್ನೋದು ಇಲ್ಲಿಯ ನಂಬಿಕೆ. ಅಕಿಯ ಅಪ್ಪ ತೀರಿಕೊಂಡ ವರ್ಷ ಒಂದು ಮಾಯಾಸ್ ಹಣ್ಣಿನ ತೋಟಕ್ಕೆ ಬಂದಿತ್ತಂತೆ. ಅವರ ಅಮ್ಮ ಮರದ ಕೆಳಗೆ ನಿಂತು ಮನೆಯ ಸುದ್ದಿಯೆಲ್ಲ ಹೇಳಿದರಂತೆ. ಯಾರ ಮದುವೆಯಾಯಿತು, ಭತ್ತ ಎಷ್ಟು ಬಂತು, ಎಲ್ಲ.

ಮೂರು ಗಂಟೆ ನಡೆದೆವು. ಮಳೆ, ಜಿಗಣೆ, ಜಾರುವ ಬೇರು. ಮಾಯಾಸ್ ಕಾಣಲಿಲ್ಲ. ಆದರೆ ಗೂಡುಗಳು ಕಂಡವು. ಅದು ಹೆಚ್ಚು ಕಡಿಮೆ ದಿನವೂ ಸಂಜೆ ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ. ಎಲೆ ಕಂದಾಗಿದ್ದರೆ ಹಳೆಯದು. ಒಂದು ಮರದ ಮೇಲೆ ಎಲೆ ಇನ್ನೂ ಹಚ್ಚ ಹಸಿರಾಗಿತ್ತು. ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಎದ್ದು ಹೋಗಿದೆ! ಅಕಿ ಟೋಪಿ ತೆಗೆದು, ಮೇಲೆ ನೋಡುತ್ತಾ ಮೆಲ್ಲಗೆ ಏನೋ ಹೇಳಿದರು. ಏನು ಅಂತ ನಾನು ಕೇಳಲಿಲ್ಲ. ಅದು ಮನೆಯವರ ಮಾತು, ಅಲ್ವಾ?

ದೋಣಿಯಲ್ಲಿ ವಾಪಸ್ ಬರುವಾಗ ಮಳೆ ನಿಂತಿತ್ತು. ನಾವು ಸಾಗುತ್ತಿದ್ದದ್ದು 1985ರಲ್ಲಿ ಮುಗಿದ ಬತಾಂಗ್ ಆಯ್ ಅಣೆಕಟ್ಟಿನ ಹಿನ್ನೀರಿನಲ್ಲಿ. ಒಣಗಿದ ಮರಗಳು ಇನ್ನೂ ನೀರಿನಿಂದ ತಲೆ ಎತ್ತಿ ನಿಂತಿವೆ. ನನಗೆ ನಮ್ಮ ಅಜ್ಜಿ ನೆನಪಾದಳು. ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗುವಾಗಲೆಲ್ಲ ಶರಾವತಿ ಹಿನ್ನೀರು ತೋರಿಸಿ, "ನನ್ನ ತವರುಮನೆ ಅಗೋ ಅಲ್ಲಿ, ಕೆಳಗೆ" ಅನ್ನುತ್ತಿದ್ದಳು. ಅದನ್ನು ಅಕಿಗೆ ಹೇಳಿದೆ. ಗೈಡ್ ಹೇಳಿ ಮುಗಿಸುವ ತನಕ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಸ್ವಲ್ಪ ದೂರ ಹೋದ ಮೇಲೆ ಎಂಜಿನ್ ಆಫ್ ಮಾಡಿದರು. ದೋಣಿ ಸುಮ್ನೆ ತೇಲಿತು. ಅಕಿ ನೀರಿಗೆ ಕೈ ತೋರಿಸಿ, ತಾವು ಹುಟ್ಟಿದ ಮನೆ ಎಲ್ಲಿತ್ತು, ಅಂಗಳ ಎಲ್ಲಿತ್ತು, ಹಣ್ಣಿನ ಮರಗಳು ಎಲ್ಲಿದ್ದವು ಅಂತ ಒಂದೊಂದಾಗಿ ಹೇಳತೊಡಗಿದರು.