ಹಳೆಯ ರೋಡ್ ಬೈಕಿಗೆ ಯಾವ ಗ್ರೂಪ್‌ಸೆಟ್? ಮೊದಲು ಹಿಂದಿನ ಚಕ್ರ ಬಿಚ್ಚಿ ಅಳೆಯಿರಿ

"105 ಸಾಕೋ, ಅಲ್ಟೆಗ್ರಾನೇ ಬೇಕೋ?" ಹಳೆಯ ರೋಡ್ ಬೈಕಿಗೆ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿಗೆ, ಹೊಸ ಗೇರು, ಹೊಸ ಬ್ರೇಕು ಹಾಕಿಸಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ ರೂಪದಲ್ಲಿರುತ್ತದೆ. ಎದುರಿಗೆ ಸಿಕ್ಕಾಗ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ಏರುದಾರಿಯಲ್ಲಿ ಏದುಸಿರು ಬಿಡುತ್ತಲೂ ಕೇಳುತ್ತಾರೆ. ನಿಮ್ಮ ಬೈಕ್ ಯಾವ ಕಾಲದ್ದು, ಫ್ರೇಮ್ ಯಾವ ಲೋಹದ್ದು, ಹಿಂದಿನ ಚಕ್ರದಲ್ಲಿ ಎಷ್ಟು ಗೇರ್ ಇವೆ ಎಂದು ನಾನು ತಿರುಗಿ ಕೇಳಿದ ಕೂಡಲೇ ಅವರ ಮುಖ ಚಿಕ್ಕದಾಗುತ್ತದೆ. "ಅಷ್ಟೆಲ್ಲ ವಿವರ ಬೇಡ, ಒಂದು ಹೆಸರು ಹೇಳಿ ಸಾಕು" ಎನ್ನುತ್ತಾರೆ. ನಾನು ಒಂದು ಹೆಸರು ಹೇಳುವುದಿಲ್ಲ. ಇದನ್ನು ಕೆಲವರು ಜಂಬ ಎಂದು ಭಾವಿಸಿದ್ದಾರೆಂದು ನನಗೆ ಗೊತ್ತು. ಪಾದದ ಅಳತೆ ಹೇಳದೆ ಚಪ್ಪಲಿ ಆರಿಸಿಕೊಡಿ ಎಂದರೆ ಯಾರಿಂದ ಸಾಧ್ಯ?

ಗ್ರೂಪ್‌ಸೆಟ್ ಎಂದರೆ ಗೇರ್ ಬದಲಿಸುವ ಹಿಡಿಕೆಗಳು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಮತ್ತು ಮುಂದಿನ ಡಿರೇಲರ್‌ಗಳು, ಪೆಡಲ್ ಕೂರುವ ಕ್ರ್ಯಾಂಕ್, ಕ್ರ್ಯಾಂಕ್ ತಿರುಗುವ ಬೇರಿಂಗ್ ಆದ ಬಾಟಮ್ ಬ್ರಾಕೆಟ್, ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್, ಚೈನ್ ಮತ್ತು ಬ್ರೇಕ್‌ಗಳು ಒಟ್ಟಾಗಿ ಬರುವ ಜೋಡಣೆ. ಶಿಮಾನೊ ಕಂಪನಿಯ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯೂರಾ-ಏಸ್ ಎಂಬ ಹೆಸರುಗಳು ಈ ಜೋಡಣೆಯ ದರ್ಜೆಯನ್ನು ಹೇಳುತ್ತವೆಯೇ ಹೊರತು, ಅದು ನಿಮ್ಮ ಫ್ರೇಮಿಗೆ ಕೂರುತ್ತದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಕೆಲವು ಮಿಲಿಮೀಟರುಗಳು. ಆ ಮಿಲಿಮೀಟರುಗಳನ್ನು ತಿಳಿಯಲು ಯಾರೂ ಬಯಸುವುದಿಲ್ಲ ಎಂಬುದೇ ನನ್ನ ದೂರು.

ಒಮ್ಮೆ ಒಬ್ಬ ಯುವಕರು ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ನನ್ನಲ್ಲಿಗೆ ಬಂದರು. ಅದರಲ್ಲಿ ಹೊಚ್ಚಹೊಸ 12 ವೇಗದ, ಅಂದರೆ ಹಿಂದೆ 12 ಗೇರ್‌ಗಳ, 105 ಗ್ರೂಪ್‌ಸೆಟ್ ಇತ್ತು. ಅವರ ಬೈಕ್ ತೆಳುವಾದ ಉಕ್ಕಿನ ಕೊಳವೆಗಳ ಅಂದವಾದ ಹಳೆಯ ಫ್ರೇಮಿನದು. ಗೇರ್ ಬದಲಿಸುವ ಲಿವರ್‌ಗಳು ಫ್ರೇಮಿನ ಕೆಳಗಿನ ಓರೆ ಕೊಳವೆಯಾದ ಡೌನ್ ಟ್ಯೂಬಿನ ಮೇಲಿದ್ದವು, ಹಿಂದೆ ಹಬ್ಬಿಗೆ ತಿರುಗಿಸಿ ಕೂರಿಸುವ, ಆರು ಗೇರ್‌ಗಳ ಫ್ರೀವೀಲ್ ಇತ್ತು, ಬ್ರೇಕ್‌ಗಳು ರಿಮ್ಮನ್ನು ಹಿಡಿಯುವ ಹಳೆಯ ಮಾದರಿಯವು. "ಸರ್, ಇದು ಇದಕ್ಕೆ ಆಗುತ್ತದಲ್ಲವೇ?" ಎಂದು ಅವರು ಕೇಳಿದರು. ಆಗುವುದಿಲ್ಲ ಎಂದು ಹೇಳಬೇಕಾಯಿತು. 12 ವೇಗದ 105 ಬರುವುದು ಹೈಡ್ರಾಲಿಕ್ ಡಿಸ್ಕ್ ಬ್ರೇಕಿನೊಂದಿಗೆ ಮಾತ್ರ; ರಿಮ್ ಬ್ರೇಕಿನ ಹಿಡಿಕೆಯನ್ನು ಆ ದರ್ಜೆಯಲ್ಲಿ ಶಿಮಾನೊ ತಯಾರಿಸಲೇ ಇಲ್ಲ. ಅವರ ಫ್ರೇಮಿನಲ್ಲಿ ಡಿಸ್ಕ್ ಬ್ರೇಕ್ ಕೂರಿಸುವ ನೆಲೆಯಿಲ್ಲ, ಅದರ ಫೋರ್ಕ್ ಡಿಸ್ಕ್ ಬ್ರೇಕಿನ ಸೆಳೆತವನ್ನು ತಾಳಲೆಂದು ಮಾಡಿದ್ದೂ ಅಲ್ಲ. ಕ್ಯಾಸೆಟ್ ಕೂರಿಸಲು ಅವರ ಚಕ್ರದಲ್ಲಿ ಫ್ರೀಹಬ್ಬೇ, ಅಂದರೆ ಕ್ಯಾಸೆಟ್ ಜಾರಿಸಿ ಕೂರಿಸುವ ಹಬ್ಬಿನ ಭಾಗವೇ, ಇರಲಿಲ್ಲ. ಅವರಿಗೆ ಆ ಪೆಟ್ಟಿಗೆಯನ್ನು ಮಾರಿದವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "105 ಬೇಕೋ, ಅಲ್ಟೆಗ್ರಾ ಬೇಕೋ?"

ಆ ದಿನದಿಂದ ಈ ಪ್ರಶ್ನೆಯ ಧಾಟಿಯನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಯುವಕರ ಮೇಲಲ್ಲ. ಕೊಳ್ಳುವವರಿಗೆ ದರ್ಜೆಯ ಹೆಸರುಗಳನ್ನು ಬಾಯಿಪಾಠ ಮಾಡಿಸಿ, ಅಳತೆಪಟ್ಟಿಯನ್ನು ಮಾತ್ರ ಕೈಗೆ ಕೊಡದ ಮಾರಾಟದ ರೀತಿಯ ಮೇಲೆ.

ಹಾಗಾದರೆ ಅಳೆಯಬೇಕಾದದ್ದು ಏನು? ಹಿಂದಿನ ಚಕ್ರವನ್ನು ಬಿಚ್ಚಿ, ಅದು ಕೂರುವ ಎರಡು ಡ್ರಾಪೌಟ್‌ಗಳ ಒಳಮೈಗಳ ನಡುವಿನ ಅಂತರವನ್ನು ನೋಡಿ. ಐದು ಗೇರ್‌ಗಳ ಕಾಲದ ಫ್ರೇಮಾದರೆ ಸಾಮಾನ್ಯವಾಗಿ 120 ಮಿ.ಮೀ., ಆರು-ಏಳು ಗೇರ್‌ಗಳ ಕಾಲದ್ದಾದರೆ 126 ಮಿ.ಮೀ., ಎಂಟರಿಂದ ಈಚೆಗೆ ರಿಮ್ ಬ್ರೇಕಿನ ಬೈಕುಗಳಲ್ಲಿ 130 ಮಿ.ಮೀ. ಇರುತ್ತದೆ. ಇಂದು ಸಿಗುವ ರಿಮ್ ಬ್ರೇಕಿನ ಚಕ್ರಗಳೆಲ್ಲ ಹೆಚ್ಚಾಗಿ 130ರವು. ನಿಮ್ಮದು 126 ಮಿ.ಮೀ. ಅಂತರದ ಉಕ್ಕಿನ ಫ್ರೇಮಾಗಿದ್ದರೆ ಹೆದರಬೇಕಿಲ್ಲ. ಉಕ್ಕು ಬಾಗುವ ಲೋಹ, ಬಲ್ಲವರ ಕೈಯಲ್ಲಿ ಎರಡೂ ಬದಿಯನ್ನು ತಲಾ 2 ಮಿ.ಮೀ. ಅಗಲಿಸಿ, ಡ್ರಾಪೌಟ್‌ಗಳು ಒಂದಕ್ಕೊಂದು ಸಮಾನಾಂತರವಾಗುವಂತೆ ಸರಿಪಡಿಸಿಕೊಂಡರೆ ಅದು ಆಯುಷ್ಯವಿಡೀ ಹಾಗೆಯೇ ನಿಲ್ಲುತ್ತದೆ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮಿಗೆ ಮಾತ್ರ ಈ ಕೆಲಸವನ್ನು ಮಾಡಿಸಲೇಬೇಡಿ. ಅಲ್ಯೂಮಿನಿಯಂ ಬಗ್ಗಿಸಿದಲ್ಲಿ ದಣಿದು ಬಿರುಕು ಬಿಡುತ್ತದೆ, ಕಾರ್ಬನ್ ಬಾಗುವುದೇ ಇಲ್ಲ, ಒಡೆಯುತ್ತದೆ.

ಆಮೇಲೆ ಫ್ರೀಹಬ್. ಶಿಮಾನೊದ 8, 9 ಮತ್ತು 10 ವೇಗದ ಕ್ಯಾಸೆಟ್‌ಗಳು ಒಂದೇ ಉದ್ದದ ಫ್ರೀಹಬ್ಬಿನ ಮೇಲೆ ಕೂರುತ್ತವೆ. ರೋಡ್ ಬೈಕಿನ 11 ವೇಗದ ಫ್ರೀಹಬ್ ಅದಕ್ಕಿಂತ 1.85 ಮಿ.ಮೀ. ಉದ್ದ. ಉದ್ದದ ಫ್ರೀಹಬ್ಬಿಗೆ ಅಷ್ಟೇ ದಪ್ಪದ ಬಳೆಯೊಂದನ್ನು ಒಳಗಿಟ್ಟು ಹಳೆಯ ಕ್ಯಾಸೆಟ್ ಹಾಕಬಹುದು, ಆದರೆ ಗಿಡ್ಡ ಫ್ರೀಹಬ್ಬಿಗೆ 11 ವೇಗದ ಸಾಮಾನ್ಯ ಕ್ಯಾಸೆಟ್ ಹಿಡಿಸುವುದಿಲ್ಲ. 11ರಿಂದ 34 ಹಲ್ಲಿನವರೆಗಿನ ಎಚ್‌ಜಿ800 ಎಂಬ ಕ್ಯಾಸೆಟ್ ಇದಕ್ಕೆ ಅಪವಾದ. ಅದರ ದೊಡ್ಡ ಹಲ್ಲುಚಕ್ರ ಕಡ್ಡಿಗಳ ಕಡೆಗೆ ಚಾಚಿಕೊಳ್ಳುವಂತೆ ಮಾಡಿರುವುದರಿಂದ ಅದು ಗಿಡ್ಡ ಫ್ರೀಹಬ್ಬಿನಲ್ಲಿಯೂ ಕೂರುತ್ತದೆ. ಹೊಸ ಚಕ್ರವನ್ನೇ ಕೊಳ್ಳುವುದಾದರೆ 11 ವೇಗದ ಫ್ರೀಹಬ್ಬಿನದನ್ನು ಕೊಳ್ಳಿ. ಇಂದು ಎಂಟು ಗೇರ್ ಹಾಕಿಸಿ ಮುಂದೊಂದು ದಿನ ಹನ್ನೊಂದಕ್ಕೆ ಹೋದರೂ ಚಕ್ರ ಬದಲಿಸಬೇಕಾಗುವುದಿಲ್ಲ; ಶಿಮಾನೊದ 12 ವೇಗದ ರೋಡ್ ಕ್ಯಾಸೆಟ್‌ಗಳು ಕೂಡ ಅದರ ಮೇಲೆ ಕೂರುತ್ತವೆ.

ಒಂದೊಂದೇ ಭಾಗವನ್ನು ಕೊಂಡು ಜೋಡಿಸುವವರು ಎಡವುವುದು ಕೇಬಲ್ಲಿನ ಲೆಕ್ಕದಲ್ಲಿ. ಹಿಡಿಕೆಯನ್ನು ಒಮ್ಮೆ ಒತ್ತಿದಾಗ ಎಷ್ಟು ಕೇಬಲ್ ಎಳೆಯುತ್ತದೆ, ಆ ಎಳೆತಕ್ಕೆ ಡಿರೇಲರ್ ಎಷ್ಟು ಸರಿಯುತ್ತದೆ ಎಂಬುದು ಪೀಳಿಗೆಯಿಂದ ಪೀಳಿಗೆಗೆ ಬದಲಾಗಿದೆ. ಶಿಮಾನೊದ 8, 9 ಮತ್ತು ಹಳೆಯ 10 ವೇಗದ ರೋಡ್ ಡಿರೇಲರ್‌ಗಳು ಪ್ರತಿ ಮಿಲಿಮೀಟರ್ ಎಳೆತಕ್ಕೆ ಸುಮಾರು 1.7 ಮಿ.ಮೀ. ಸರಿದರೆ, 11 ವೇಗದವು ಸುಮಾರು 1.4 ಮಿ.ಮೀ. ಸರಿಯುತ್ತವೆ. ಟಿಯಾಗ್ರಾ 4700 ಇನ್ನೂ ತಬ್ಬಿಬ್ಬುಗೊಳಿಸುತ್ತದೆ. ಅದು 10 ವೇಗದ್ದಾದರೂ ಅದರ ಎಳೆತ 11 ವೇಗದವುಗಳ ಲೆಕ್ಕದ್ದು. ಹಳೆಯ 10 ವೇಗದ ಡಿರೇಲರಿನೊಂದಿಗೆ ಅದರ ಹಿಡಿಕೆಯನ್ನು ಜೋಡಿಸಿದರೆ ಗೇರ್‌ಗಳು ಎಂದಿಗೂ ಸಾಲಾಗಿ ಕೂರುವುದಿಲ್ಲ. ಪೆಟ್ಟಿಗೆಯ ಮೇಲೆ "10 ವೇಗ" ಎಂದು ಬರೆದಿದ್ದರೆ ಅದು ಎಲ್ಲ 10 ವೇಗದವುಗಳಿಗೂ ಹೊಂದುತ್ತದೆ ಎಂದು ನಂಬಿ ಹಿಡಿಕೆ ಒಂದು ಕಡೆಯಿಂದ, ಡಿರೇಲರ್ ಇನ್ನೊಂದು ಕಡೆಯಿಂದ ತಂದವರನ್ನು ನಾನು ನೋಡಿದ್ದೇನೆ. ಹಿಡಿಕೆ, ಹಿಂದಿನ ಡಿರೇಲರ್ ಇವೆರಡನ್ನೂ ಒಂದೇ ಪೀಳಿಗೆಯಿಂದ ತನ್ನಿ.

ಬ್ರೇಕಿನ ವಿಷಯದಲ್ಲಿಯೂ ಇಂಥದೇ ಮಾತು. ಹೊಸ ಹಿಡಿಕೆಗಳು ಹಳೆಯವಕ್ಕಿಂತ ಹೆಚ್ಚು ಕೇಬಲ್ ಎಳೆಯುತ್ತವೆ. ಹಾಗಾಗಿ ಹಳೆಯ ಬ್ರೇಕನ್ನು ಹಾಗೆಯೇ ಉಳಿಸಿಕೊಂಡು ಹಿಡಿಕೆ ಮಾತ್ರ ಬದಲಿಸಿದರೆ ಕೈಗೆ ಗಟ್ಟಿಯಾಗಿ ಸಿಕ್ಕಂತೆನಿಸಿದರೂ ಬೈಕ್ ನಿಲ್ಲುವ ಬಲ ಕುಗ್ಗುತ್ತದೆ. ಎರಡು ತಿರುಗುಬಿಂದುಗಳ (ಡ್ಯುಯಲ್ ಪಿವಟ್) ಹೊಸ ಬ್ರೇಕ್ ಹಾಕಿಸುವುದು ಹಳೆಯ ಬೈಕಿಗೆ ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರವೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಬ್ರೇಕಿನ ಬೋಲ್ಟಿನ ರಂಧ್ರದಿಂದ ರಿಮ್ಮಿನಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಪಟ್ಟಿಯ ಮಧ್ಯದವರೆಗಿನ ದೂರವನ್ನು ಮೊದಲು ಅಳೆಯಬೇಕು. ಸಾಮಾನ್ಯ ರೋಡ್ ಬ್ರೇಕ್‌ಗಳ ತೋಳು 39ರಿಂದ 49 ಮಿ.ಮೀ.ವರೆಗೆ ಮಾತ್ರ ಎಟಕುತ್ತದೆ, ಅದಕ್ಕಿಂತ ಹೆಚ್ಚಿದ್ದರೆ 47ರಿಂದ 57ರವರೆಗಿನ ಉದ್ದ ತೋಳಿನ ಬ್ರೇಕ್ ಬೇಕು. 27 ಇಂಚಿನ ಚಕ್ರ ತೆಗೆದು 700ಸಿ ಚಕ್ರ ಹಾಕುವವರು ಇದನ್ನು ಮರೆಯಲೇಬಾರದು, ಏಕೆಂದರೆ ಟೈರ್ ಕೂರುವ ಅಂಚಿನ ವ್ಯಾಸ 630ರಿಂದ 622 ಮಿ.ಮೀ.ಗೆ ಇಳಿದು ಬ್ರೇಕ್ ಪ್ಯಾಡ್ 4 ಮಿ.ಮೀ. ಕೆಳಗೆ ಚಾಚಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ: "ಏರು ಹತ್ತುವಾಗ ನನ್ನ ಕಾಲು ಸೋಲುತ್ತದೆ, ನನಗೆ ಯಾವ ಗೇರ್ ಬೇಕು?"

ಹಳೆಯ ರೋಡ್ ಬೈಕುಗಳು ಹೆಚ್ಚಾಗಿ ಸೈಕಲ್ ರೇಸಿನ ಸ್ಪರ್ಧಿಗಳ ಕಾಲಿಗೆ ಹೊಂದುವ ಗೇರ್‌ಗಳನ್ನು ಹೊತ್ತು ಬಂದವು. ಮುಂದಿನ ಚಿಕ್ಕ ಹಲ್ಲುಚಕ್ರದಲ್ಲಿ 42 ಹಲ್ಲು, ಹಿಂದಿನ ದೊಡ್ಡದರಲ್ಲಿ 24 ಹಲ್ಲು ಇದೆಯೆನ್ನೋಣ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 1.75 ಸುತ್ತು ತಿರುಗುತ್ತದೆ, ಬೈಕ್ ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ಪೆಡಲ್ ಮಾಡಬೇಕೆಂದರೆ ಗಂಟೆಗೆ ಸುಮಾರು 15.5 ಕಿ.ಮೀ. ವೇಗದಲ್ಲಿ ಹತ್ತಬೇಕು. ಸವಾರ ಮತ್ತು ಬೈಕ್ ಸೇರಿ 80 ಕೆ.ಜಿ. ಇದ್ದು, ದಾರಿ ನೂರು ಮೀಟರಿಗೆ ಎಂಟು ಮೀಟರ್ ಏರುತ್ತಿದ್ದರೆ, ಗುರುತ್ವವನ್ನು ಎದುರಿಸುವುದಕ್ಕೇ ಸುಮಾರು 270 ವ್ಯಾಟ್ ಬೇಕಾಗುತ್ತದೆ. ಇದು ಸಾಮಾನ್ಯ ಸವಾರನು ಬಹಳ ಹೊತ್ತು ತಾಳುವ ಶ್ರಮವಲ್ಲ. ಆತ ಪೆಡಲನ್ನು ನಿಧಾನವಾಗಿ, ಮಂಡಿಯ ಬಲದಿಂದ ತುಳಿಯುತ್ತಾನೆ, ನೋವು ತಂದುಕೊಳ್ಳುತ್ತಾನೆ, ಕೊನೆಗೆ ತನ್ನ ಬೈಕ್ ಭಾರವೆಂದು ದೂರುತ್ತಾನೆ. ಮುಂದೆ 34, ಹಿಂದೆ 34 ಹಲ್ಲು ಇದ್ದರೆ ಅದೇ 70 ಸುತ್ತಿಗೆ ವೇಗ ಗಂಟೆಗೆ 8.8 ಕಿ.ಮೀ. ಸಾಕು, ಗುರುತ್ವಕ್ಕೆ ಸುಮಾರು 153 ವ್ಯಾಟ್ ಸಾಕು. ಈ ವ್ಯತ್ಯಾಸವನ್ನು ಕೊಡುವುದು ಹಲ್ಲುಗಳ ಎಣಿಕೆ. ಡ್ಯೂರಾ-ಏಸ್ ಇರಲಿ, ಕ್ಲಾರಿಸ್ ಇರಲಿ, 34 ಹಲ್ಲು 34 ಹಲ್ಲೇ.

ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಕ್ರ್ಯಾಂಕ್ ಮುಂದೆ ಬಂದು ನಿಲ್ಲುತ್ತದೆ. ಹಲ್ಲುಚಕ್ರಗಳನ್ನು ಬಿಗಿಯುವ ಬೋಲ್ಟ್‌ಗಳ ವೃತ್ತ 130 ಮಿ.ಮೀ. ವ್ಯಾಸದ್ದಾಗಿದ್ದರೆ 38 ಹಲ್ಲಿಗಿಂತ ಚಿಕ್ಕದನ್ನು ಅದಕ್ಕೆ ಹಾಕಲಾಗದು. ಇಟಲಿಯ ಕಾಂಪನ್ಯೋಲೊ ಕಂಪನಿಯ ಹಳೆಯ ಕ್ರ್ಯಾಂಕ್‌ಗಳ 144 ಮಿ.ಮೀ. ವೃತ್ತಕ್ಕೆ 41 ಹಲ್ಲು ಕನಿಷ್ಠ. 34 ಬೇಕೆಂದರೆ 110 ಮಿ.ಮೀ. ವೃತ್ತದ ಕ್ರ್ಯಾಂಕ್ ಬೇಕು. ಕ್ರ್ಯಾಂಕ್ ಬದಲಾದರೆ ಬಾಟಮ್ ಬ್ರಾಕೆಟ್ ಬದಲಾಗಬಹುದು. ಬಾಟಮ್ ಬ್ರಾಕೆಟ್ ಕೂರುವ ಫ್ರೇಮಿನ ಕೊಳವೆ 68 ಮಿ.ಮೀ. ಅಗಲವಿದ್ದರೆ ಅದು ಬಹುಪಾಲು ಇಂಗ್ಲಿಷ್ ಮರೆಯದ್ದು (ಮರೆ ಎಂದರೆ ತಿರುಪಿನ ಗೆರೆ, ಥ್ರೆಡ್), 70 ಇದ್ದರೆ ಇಟಾಲಿಯನ್ ಮರೆಯದ್ದು. ಹಳೆಯ ಫ್ರೆಂಚ್ ಬೈಕುಗಳಿಗೆ ಬೇರೆಯೇ ಮರೆ. ಇಂಗ್ಲಿಷ್ ಮರೆಯಲ್ಲಿ ಚೈನ್ ಇರುವ ಬದಿಯ ಬಾಟಮ್ ಬ್ರಾಕೆಟ್ ಬಟ್ಟಲು ಎಡಮರೆಯದ್ದು, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಬಿಚ್ಚುವಂಥದ್ದು, ಎಂದು ತಿಳಿಯದೆ, ಬಿಚ್ಚುತ್ತೇನೆಂದು ಮತ್ತಷ್ಟು ಬಿಗಿ ಮಾಡಿ ಮರೆಯನ್ನೇ ಹಾಳು ಮಾಡಿದ ಫ್ರೇಮುಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಕೊನೆಗೂ ಹೆಸರು ಬೇಕೇ ಬೇಕು ಎನ್ನುವವರಿಗೆ ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ಡ್ರಾಪೌಟ್ ಅಂತರ 130 ಇರುವ ಅಥವಾ 130ಕ್ಕೆ ಅಗಲಿಸಿದ, ರಿಮ್ ಬ್ರೇಕಿನ ಹಳೆಯ ಬೈಕಿಗೆ 9 ವೇಗದ ಸೋರಾ ಆರ್3000 ಅಥವಾ 10 ವೇಗದ ಟಿಯಾಗ್ರಾ 4700 ಪೂರ್ತಿಯಾಗಿ ಹಾಕಿಸಿದರೆ ಗೇರ್ ನಯವಾಗಿ ಬೀಳುತ್ತದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಚೈನ್ ಮತ್ತು ಕ್ಯಾಸೆಟ್ ಸವೆದಾಗ ಬದಲಿಸುವುದು ಹೊರೆಯಾಗುವುದಿಲ್ಲ. ಹನ್ನೊಂದು ಗೇರ್ ಬೇಕೆಂದರೆ 105ರ ಹಿಂದಿನ ಪೀಳಿಗೆಯಾದ ಆರ್7000 ಇದೆ, ಅದಕ್ಕೆ ರಿಮ್ ಬ್ರೇಕ್ ಉಂಟು. ಇದಕ್ಕೂ ಮೇಲಿನ ದರ್ಜೆಗಳಲ್ಲಿ ನೀವು ಹೆಚ್ಚಾಗಿ ಕೊಳ್ಳುವುದು ತೂಕದಲ್ಲಿ ಕೆಲವು ನೂರು ಗ್ರಾಂ ಉಳಿತಾಯ ಮತ್ತು ಮೇಲ್ಮೈಯ ನಯಗಾರಿಕೆ. ಅದು ಬೇಕೆನ್ನಿಸಿದರೆ ಕೊಳ್ಳಿ, ಬೇಡವೆನ್ನಲು ನಾನು ಯಾರೂ ಅಲ್ಲ. ಆದರೆ ಆ ಬಯಕೆಯನ್ನು ಅವಶ್ಯಕತೆಯೆಂದು ನನ್ನ ಬಾಯಿಂದ ಹೇಳಿಸಬೇಡಿ.

ಯಾವುದನ್ನೂ ಕೊಳ್ಳುವ ಮೊದಲು ಹಳೆಯ ಬೈಕಿನ ಕೇಬಲ್‌ಗಳನ್ನು ಒಳಗಿನ ತಂತಿ ಮತ್ತು ಹೊರಗಿನ ಕೊಳವೆ ಎರಡೂ ಸೇರಿ ಬದಲಿಸಿ, ಚೈನ್ ಸವೆದಿದೆಯೇ ಎಂದು ಅಳೆದು ನೋಡಿ, ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ನೆಟ್ಟಗಿದೆಯೇ ಎಂದು ಪರೀಕ್ಷೆ ಮಾಡಿಸಿ. ಬೈಕ್ ಒಮ್ಮೆ ಬಲಬದಿಗೆ ಬಿದ್ದರೂ ಸಾಕು, ಹ್ಯಾಂಗರ್ ಒಳಕ್ಕೆ ಬಾಗಬಹುದು. ಬಾಗಿದ ಹ್ಯಾಂಗರಿಗೆ ಅತ್ಯುತ್ತಮ ಡಿರೇಲರ್ ತೂಗಿಸಿದರೂ ಗೇರ್ ಹಾರುತ್ತದೆ, ಕೆಟ್ಟ ಗಳಿಗೆಯಲ್ಲಿ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ ಚಕ್ರವನ್ನೇ ಮುರಿಯುತ್ತದೆ. ಉಕ್ಕಿನ ಫ್ರೇಮಿನ ಹ್ಯಾಂಗರನ್ನು ಸರಿಯಾದ ಸಲಕರಣೆಯಿರುವ ಮೆಕ್ಯಾನಿಕ್ ಕೆಲವೇ ನಿಮಿಷಗಳಲ್ಲಿ ನೆಟ್ಟಗೆ ಮಾಡಿಕೊಡುತ್ತಾರೆ.