ನನಗೂ ಮಲೇರಿಯಾ ಇದೆ ಎಂದ ಪ್ರೋಗ್ರಾಂ

ಮೂರು ವಾರ ತಲೆ ತಿಂದ ಉಂಗುರಗಳ ಗುಟ್ಟು ನಿನ್ನೆ ರಾತ್ರಿ ಬಯಲಾಯ್ತು. ತಪ್ಪು ಕೋಡಿನದ್ದಲ್ಲ, ಮಂಗಳೂರಿನ ಮಳೆಗಾಲದ್ದು.

ಮೈಕ್ರೋಸ್ಕೋಪಿಗೆ ಮೊಬೈಲ್ ಸಿಕ್ಕಿಸಿ ತೆಗೆದ ರಕ್ತದ ಫೋಟೊಗಳಲ್ಲಿ ಮಲೇರಿಯಾ ಪರಾವಲಂಬಿ ಎಣಿಸುವ ಪ್ರೋಗ್ರಾಂ ನನ್ನದು. ಕೆಂಪು ಕಣದೊಳಗೆ ಎಳೆ ಪರಾವಲಂಬಿ ಉಂಗುರದಂತೆ ಕಾಣುತ್ತದೆ. ಅನುಮತಿ ಪಡೆದು, ಹೆಸರು-ನಂಬರ್ ಅಳಿಸಿ ತಂದಿದ್ದ, ಫಾಲ್ಸಿಪಾರಂ ಎಂಬ ಮಾರಕ ಬಗೆಯ ಮಲೇರಿಯಾ ಇದ್ದ ರೋಗಿಯ ಸ್ಮಿಯರ್‌ಗೆ (ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತ) ಬರೋಣ. ಜೊತೆಗಿದ್ದ ಚೀಟಿಯಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 3.6, ಕಾಮಾಲೆಯ ಬಿಲಿರುಬಿನ್ 7. ನನ್ನ ಪ್ರೋಗ್ರಾಂ ಶೇ. 14ರಷ್ಟು ಕೆಂಪು ಕಣಗಳಿಗೆ ಸೋಂಕು ಎಂದಿತು. ಶೇ. 10 ದಾಟಿದರೆ ಅದೊಂದೇ ಸಾಕು, ತೀವ್ರ ಮಲೇರಿಯಾ ಎನ್ನಲು. ಕೂತು ಕೈಯಲ್ಲಿ ಎಣಿಸಿದರೆ ಶೇ. 2!

ಮೊದಲು ಬೈದದ್ದು ಬಫರ್ (ಬಣ್ಣ ಕಲಸುವ ನೀರಿನ ಪಿಎಚ್ ಹಿಡಿದಿಡುವ ಮಾತ್ರೆ) ಮಾರಿದವನನ್ನು. ಕೇಳಿದ್ದು ಪಿಎಚ್ 7.2ರ ಮಾತ್ರೆ, ಬಂದದ್ದು 6.8ರದ್ದು. "ಎರಡೂ ಒಂದೇ ಸರ್, ಬಣ್ಣ ಬರ್ತದೆ" ಅಂದ. ಬರ್ತದೆ ಮಾರಾಯ, ಬಿಳಿ ಕಣಕ್ಕೆ! ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಹಿಡಿದ ಕೆಂಪು ಕಣದಲ್ಲಿ ಮೂಡುವ ಶಫ್ನರ್ ಚುಕ್ಕೆ ಹುಡುಕುವವನ ಗತಿ? ಸರಿ, ಬೇರೆ ಕಡೆಯಿಂದ ತರಿಸಿ ಹೊಸ ಸ್ಮಿಯರ್‌ಗೆ ಜೀಮ್ಸಾ ಬಣ್ಣ ಹಾಕಿದೆ. ಮತ್ತೆ ಶೇ. 13.

ಕೊನೆಗೆ ನನ್ನದೇ ಬೆರಳು ಚುಚ್ಚಿದೆ. ಶೇ. 9! ಜ್ವರವಿಲ್ಲ, ಬೆಳಿಗ್ಗೆ ಆರು ನೀರ್‌ದೋಸೆ ಹೊಡೆದಿದ್ದೆ. ಫೈನ್ ಫೋಕಸ್ ತಿರುಗಿಸುತ್ತಾ ನೋಡಿದರೆ ಉಂಗುರಗಳು ಗಾಜಿನ ಚೂರಿನಂತೆ ಮಿನುಗುತ್ತಿವೆ. ನಿಜವಾದ ಪರಾವಲಂಬಿಗೆ ಇರಬೇಕಾದ ಕೆಂಪು ಚುಕ್ಕೆಯೂ ಇಲ್ಲ, ಸುತ್ತ ನೀಲಿಯೂ ಇಲ್ಲ. ಬಣ್ಣ ಹಾಕುವ ಮೊದಲು ರಕ್ತವನ್ನು ಗಾಜಿಗೆ ಕಚ್ಚಿಸುವುದು ಮೆಥನಾಲ್. ಜೂನ್‌ನಲ್ಲಿ ತೆರೆದ ಬಾಟಲಿ, ಸಡಿಲ ಮುಚ್ಚಳ, ಒಳಗೆ ಅರ್ಧ ಗಾಳಿ. ಮೆಥನಾಲ್ ಮಳೆಗಾಲದ ಗಾಳಿಯ ನೀರು ಕುಡಿದು ಕೂತಿತ್ತು, ಆ ನೀರೇ ಸುಳ್ಳು ಉಂಗುರ ಮೂಡಿಸಿತ್ತು. ಸ್ಮಿಯರೂ ಪೂರ್ತಿ ಒಣಗಿರಲಿಲ್ಲ.

ಈಗ ಹೇರ್ ಡ್ರೈಯರ್‌ನ ತಣ್ಣನೆ ಗಾಳಿ, ಹೊಸ ಮೆಥನಾಲ್, ಸಣ್ಣ ಸಣ್ಣ ಬಾಟಲಿ. ನನ್ನ ರಕ್ತ ಶೇ. 0.1ಕ್ಕೆ ಇಳಿಯಿತು, ಉಳಿದದ್ದು ಕೆಂಪು ಕಣದ ಮೇಲೆ ಕೂತ ಪ್ಲೇಟ್‌ಲೆಟ್‌ಗಳು. ರೋಗಿಯ ಹಳೆ ಸ್ಮಿಯರನ್ನು ಎರಡು ಫೋಕಸ್‌ನಲ್ಲಿ ಫೋಟೊ ತೆಗೆದು, ಮಿನುಗುವುದನ್ನೆಲ್ಲ ಕೈಬಿಡು ಎಂದು ಪ್ರೋಗ್ರಾಂಗೆ ಹೇಳಿದೆ. ಶೇ. 2.3 ಬಂತು.

ಹಾಗಂತ ಆ ರೋಗಿ ಪಾರು ಅಂದುಕೊಳ್ಳಬೇಡಿ. ಮೈಕ್ರೋಲೀಟರಿಗೆ ಲಕ್ಷ ಪರಾವಲಂಬಿ ದಾಟಿದರೆ ಮಾತ್ರ ಕಾಮಾಲೆಯನ್ನು ತೀವ್ರತೆಯ ಲೆಕ್ಕಕ್ಕೆ ಹಿಡಿಯುತ್ತಾರೆ, ಶೇ. 2ರ ಆಸುಪಾಸು ಎಂದರೆ ಆ ಗಡಿಯ ಮೇಲೇ, ನಿಜ. ಆದರೆ ಕ್ರಿಯಾಟಿನಿನ್ 3 ದಾಟಿದೆ, ಮೂತ್ರಪಿಂಡ ಏಟು ತಿಂದಿದೆ. ಫಾಲ್ಸಿಪಾರಂ ಬಲಿತ ಮೇಲೆ ಮಿದುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಳ್ಳುತ್ತದೆ. ಬೆರಳಿನ ರಕ್ತಕ್ಕೆ ಬರುವುದು ಹೆಚ್ಚಾಗಿ ಎಳೆ ಉಂಗುರಗಳು ಮಾತ್ರ. ನಾನು ಎಣಿಸುತ್ತಿರುವುದು ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಜನ ಒಳಗಿದ್ದಾರೆ.

ಅದಕ್ಕೇ ಮುಂದಿನ ಬೇಟೆ, ಬಲಿತ ಪರಾವಲಂಬಿಗಳು ಬಿಟ್ಟುಹೋದ, ನ್ಯೂಟ್ರೋಫಿಲ್ ಎಂಬ ಬಿಳಿ ಕಣ ನುಂಗಿದ ಕಂದು ಪಿಗ್ಮೆಂಟ್. ನೂರರಲ್ಲಿ ಐದಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳಲ್ಲಿ ಕಂಡರೆ ಲಕ್ಷಣ ಚೆನ್ನಾಗಿಲ್ಲ. ಜೀಮ್ಸಾ ಕಸವೂ ನೋಡಲು ಹಾಗೇ ಇರುತ್ತದೆ, ಆದರೆ ಪಿಗ್ಮೆಂಟ್ ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ ಹೊಳೆಯುತ್ತದೆ. ಎರಡು ಕ್ಯಾಲ್ಕ್ಯುಲೇಟರ್ ಪರದೆಗಳಿಂದ ಪೋಲರೈಸರ್ ಹಾಳೆ ಕಿತ್ತಿಟ್ಟಿದ್ದೇನೆ. ಅದರಲ್ಲೊಂದು ಮಗಳದ್ದು. ಅವಳಿಗಿನ್ನೂ ಗೊತ್ತಿಲ್ಲ.